ರೈಲು ನಿಂತ ಸೇತುವೆ ನಡೆಯುವವರ ದಾರಿಯಾಗುವುದು ಹೇಗೆ?

ವಿಜಯಪುರ: ನಗರದಿಂದ ಸೊಲ್ಲಾಪುರ ರಸ್ತೆ ಹಿಡಿದು ಉತ್ತರಕ್ಕೆ ಹೊರಟವರು ಧೂಳಖೇಡದ ಬಳಿ ಭೀಮಾ ನದಿಯನ್ನು ದಾಟಿ ಮಹಾರಾಷ್ಟ್ರವನ್ನು ಪ್ರವೇಶಿಸುತ್ತಾರೆ. ರೈಲಿನಲ್ಲಿ ಹೊರಟವರು ಮಿಂಚನಾಳ, ನಿಂಬಾಳ, ಇಂಡಿ ರೋಡ್, ಲಚ್ಯಾಣ ನಿಲ್ದಾಣಗಳನ್ನು ಹಾದು ಅದೇ ನದಿಯನ್ನು ಬೇರೊಂದು ಕಡೆ ದಾಟುತ್ತಾರೆ. ಒಂದು ಸೇತುವೆಯ ಮೇಲೆ ಲಾರಿಗಳ ಸಾಲು, ಇನ್ನೊಂದರ ಮೇಲೆ ಹಳಿಗಳ ಸಾಲು. ಸಂಜೆಯ ಹೊತ್ತು ನಡುಸೇತುವೆಯಲ್ಲಿ ನಿಂತು ನದಿಯನ್ನು ನೋಡಬೇಕೆಂದವರಿಗೆ, ಮಕ್ಕಳ ಕೈ ಹಿಡಿದು ಆಚೆ ದಡದವರೆಗೆ ನಡೆದು ಬರಬೇಕೆಂದವರಿಗೆ ಎರಡರಲ್ಲಿಯೂ ನೆಮ್ಮದಿಯ ಸ್ಥಳವಿಲ್ಲ.

ಜಗತ್ತಿನ ಹಲವು ಊರುಗಳಲ್ಲಿ ಈ ಕೊರತೆಯನ್ನು ನೀಗಿಸಿದ್ದು ಹಳೆಯ ರೈಲು ಸೇತುವೆಗಳು. ರೈಲು ಸಂಚಾರ ನಿಂತ ನಂತರ ಅವುಗಳ ಮೇಲೆ ನೆಲಹಾಸು ಹಾಕಿ, ಇಕ್ಕೆಲಗಳಲ್ಲಿ ತಡೆಕಂಬಿ ಕಟ್ಟಿ, ನಡಿಗೆ ಮತ್ತು ಸೈಕಲ್ ಸವಾರಿಗೆ ಬಿಟ್ಟುಕೊಡಲಾಗಿದೆ. ಕರ್ನಾಟಕದಲ್ಲಿಯೂ ಗೇಜ್ ಪರಿವರ್ತನೆಯ ಕಾಲದಲ್ಲಿ ಇಂತಹ ಅವಕಾಶಗಳು ಬಂದಿದ್ದವು. ಒಂದು ಕಡೆ ಜನ ತಾವಾಗಿಯೇ ನಡೆದರು, ನಂತರ ರೈಲು ಮರಳಿತು. ಇನ್ನೊಂದು ಕಡೆ ರೈಲು ಶಾಶ್ವತವಾಗಿ ಪಕ್ಕಕ್ಕೆ ಸರಿಯಿತು, ಸೇತುವೆ ಮಾತ್ರ ಕಾಯುತ್ತ ಉಳಿಯಿತು. ಈ ಎರಡೂ ಪ್ರಸಂಗಗಳು ಹೇಳುವ ಪಾಠ ಒಂದೇ: ರೈಲು ನಿಂತ ಮಾತ್ರಕ್ಕೆ ಸೇತುವೆ ದಾರಿಯಾಗುವುದಿಲ್ಲ. ಅದರ ಮುಂದಿನ ಒಡೆಯ ಯಾರು, ಹೊಣೆಗಾರ ಯಾರು ಎಂಬುದು ರೈಲು ನಿಲ್ಲುವ ಮೊದಲೇ ತೀರ್ಮಾನವಾಗಬೇಕು.

ಬರಗಾಲ ತಂದ ಹಳಿ

ವಿಜಯಪುರದ ರೈಲುಮಾರ್ಗದ ಹುಟ್ಟಿನಲ್ಲಿ ಒಂದು ದುರಂತವಿದೆ. 1876–78ರ ಭೀಕರ ಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಪ್ರದೇಶ, ತತ್ತರಿಸಿತು. ಬೇರೆಡೆ ಧಾನ್ಯವಿದ್ದರೂ ಅದನ್ನು ಹಸಿದವರ ಊರಿಗೆ ಬೇಗ ತಲುಪಿಸುವ ಸಾಧನವಿರಲಿಲ್ಲ. ಕ್ಷಾಮ ನಿವಾರಣೆಗೆ ರೈಲುಮಾರ್ಗಗಳು ಬೇಕೆಂಬ ಅಭಿಪ್ರಾಯ ಆಗ ಬಲಗೊಂಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1884ರಲ್ಲಿ ಸೊಲ್ಲಾಪುರದ ಬಳಿಯ ಹೋಟಗಿಯಿಂದ ಬಿಜಾಪುರದ ಮೂಲಕ ಗದಗದವರೆಗಿನ ಮೀಟರ್ ಗೇಜ್ ಮಾರ್ಗ ಸಂಚಾರಕ್ಕೆ ತೆರೆಯಿತು.

ಹಿಂದಿನ ತಲೆಮಾರಿನವರು ‘ಉಗಿಬಂಡಿ’ ಎಂದು ಕರೆದ ರೈಲು ಈ ಹಳಿಯ ಮೇಲೆ ನೂರಕ್ಕೂ ಹೆಚ್ಚು ವರ್ಷ ಓಡಿತು. ಭೀಮೆ, ಕೃಷ್ಣೆಗಳಂತಹ ದೊಡ್ಡ ನದಿಗಳಿಗೂ, ಮಳೆಗಾಲದಲ್ಲಿ ಮಾತ್ರ ಮೈದುಂಬುವ ಅಸಂಖ್ಯ ಹಳ್ಳಗಳಿಗೂ ಸೇತುವೆಗಳು ಬಂದವು. ಊರವರ ಪಾಲಿಗೆ ಈ ಸೇತುವೆಗಳು ಎಂದೂ ಬರೀ ರೈಲಿನದಾಗಿರಲಿಲ್ಲ. ಸಮೀಪದಲ್ಲಿ ರಸ್ತೆ ಸೇತುವೆ ಇಲ್ಲದ ಕಡೆ, ಹಳ್ಳ ತುಂಬಿದಾಗ ದಾಟಲು ಜನ ರೈಲು ಸೇತುವೆಯನ್ನೇ ನೆಚ್ಚಿಕೊಳ್ಳುವುದು ನಮ್ಮ ನಾಡಿನ ಎಲ್ಲ ಕಡೆ ಕಂಡುಬರುವ ಸಂಗತಿ. ಕಾನೂನಿನ ದೃಷ್ಟಿಯಲ್ಲಿ ಅದು ಅತಿಕ್ರಮ ಪ್ರವೇಶ. ದಾಟುವವರ ದೃಷ್ಟಿಯಲ್ಲಿ ಅನಿವಾರ್ಯ. ಈ ಹಳೆಯ ಅನಿವಾರ್ಯದ ಜೊತೆಗೆ ಇಂದು ವಾಯುಸೇವನೆ, ಚಾರಣ, ಓಟ ಎಂಬ ಹೊಸ ಬೇಡಿಕೆಗಳೂ ಸೇರಿಕೊಂಡಿವೆ. ವೃಕ್ಷಥಾನ್ ಹೆರಿಟೇಜ್ ರನ್‌ಗೆ ಸ್ಮಾರಕಗಳ ನಡುವೆ ಸಾವಿರಾರು ಜನ ಓಡುವುದನ್ನು ಕಂಡ ವಿಜಯಪುರಕ್ಕೆ ಈ ಬೇಡಿಕೆಯನ್ನು ವಿವರಿಸಬೇಕಾಗಿಲ್ಲ.

ಗೇಜ್ ಬದಲಾದಾಗ ಸೇತುವೆಗೆ ಏನಾಗುತ್ತದೆ?

ಮೀಟರ್ ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್. ಬ್ರಾಡ್‌ಗೇಜ್‌ನಲ್ಲಿ ಅದು 1,676 ಮಿಲಿಮೀಟರ್. ದೇಶದ ಮಾರ್ಗಗಳನ್ನೆಲ್ಲ ಒಂದೇ ಅಳತೆಗೆ ತರುವ ‘ಯುನಿಗೇಜ್’ ಯೋಜನೆಯನ್ನು ರೈಲ್ವೆ 1992ರಲ್ಲಿ ಕೈಗೆತ್ತಿಕೊಂಡಿತು. ಹೋಟಗಿ–ಗದಗ ಮಾರ್ಗವೂ ಹಂತ ಹಂತವಾಗಿ ಬದಲಾಗಿ, 2000ರ ದಶಕ ಮುಗಿಯುವ ವೇಳೆಗೆ ಪೂರ್ತಿ ಬ್ರಾಡ್‌ಗೇಜ್ ಆಯಿತು. ನಂತರದ ವರ್ಷಗಳಲ್ಲಿ ಹೋಟಗಿ–ಕೂಡಗಿ–ಗದಗ ನಡುವಿನ 284 ಕಿ.ಮೀ. ಮಾರ್ಗದ ಜೋಡಿಹಳಿ ಯೋಜನೆಯೂ ಬಂದಿತು.

ಹಳಿಯ ಅಗಲ ಬದಲಾಯಿಸುವುದು ನೆಲದ ಮೇಲೆ ಸುಲಭ, ಸೇತುವೆಯ ಮೇಲೆ ಕಷ್ಟ. ಬ್ರಾಡ್‌ಗೇಜ್ ಎಂಜಿನ್ ಹಾಗೂ ವ್ಯಾಗನ್‌ಗಳ ಭಾರ ಮೀಟರ್ ಗೇಜ್‌ಗಿಂತ ಬಹಳ ಹೆಚ್ಚು. ಹಳೆಯ ಗರ್ಡರ್‌ಗಳು ಆ ಭಾರವನ್ನು ತಾಳಲಾರವು. ಆದ್ದರಿಂದ ಎಂಜಿನಿಯರುಗಳ ಮುಂದೆ ಎರಡು ದಾರಿಗಳಿರುತ್ತವೆ. ಕಂಬಗಳು ಗಟ್ಟಿಯಾಗಿದ್ದರೆ ಅವನ್ನು ಬಲಪಡಿಸಿ, ಮೇಲಿನ ಗರ್ಡರ್‌ಗಳನ್ನು ಮಾತ್ರ ಬದಲಾಯಿಸುವುದು ಮೊದಲನೆಯದು. ಅಲ್ಲಿ ಹಳೆಯ ಸೇತುವೆ ಹೊಸದರೊಳಗೆ ಸೇರಿಹೋಗುತ್ತದೆ, ಬೇರೆ ಉಪಯೋಗಕ್ಕೆ ಏನೂ ಉಳಿಯುವುದಿಲ್ಲ. ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ ಮಾರ್ಗವನ್ನೇ ಸರಿಸುವುದು ಎರಡನೆಯದು. ಆಗ ಹಳೆಯ ಸೇತುವೆ ಕೆಲಸವಿಲ್ಲದೆ ನಿಲ್ಲುತ್ತದೆ.

ಹೀಗೆ ನಿಂತ ಕಬ್ಬಿಣದ ಸೇತುವೆಗೆ ಸಾಮಾನ್ಯವಾಗಿ ಬರುವ ಗತಿ ಗುಜರಿ. ಉಕ್ಕಿಗೆ ಬೆಲೆಯಿದೆ, ನಿರ್ವಹಣೆಗೆ ಖರ್ಚಿದೆ. ಆದ್ದರಿಂದ ಗರ್ಡರ್‌ಗಳನ್ನು ಕಳಚಿ ಹರಾಜು ಹಾಕುವುದು ರೈಲ್ವೆಯ ಲೆಕ್ಕಪತ್ರದ ದೃಷ್ಟಿಯಿಂದ ಸಹಜ. ನದಿಯ ನಡುವೆ ಬೋಳು ಕಂಬಗಳು ಮಾತ್ರ ಉಳಿಯುತ್ತವೆ. ಕಲ್ಲು–ಗಾರೆಯ ಕಮಾನು ಸೇತುವೆಗಳಿಗೆ ಗುಜರಿ ಬೆಲೆ ಇಲ್ಲ. ಅವು ಉಳಿಯುವುದೂ ಅದೇ ಕಾರಣಕ್ಕೆ.

ಜನ ತಾವೇ ನಡೆದ ಹಾದಿ

ಕರ್ನಾಟಕದಲ್ಲಿ ರೈಲು ನಿಂತ ಸೇತುವೆಗಳ ಮೇಲೆ ಅತಿ ಹೆಚ್ಚು ಜನ ನಡೆದದ್ದು ಪಶ್ಚಿಮ ಘಟ್ಟದಲ್ಲಿ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತ್ತು. ಇದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದ ಭಾಗ. ಅಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು ಇವೆ. ಇಳಿಜಾರು ಎಷ್ಟು ಕಡಿದೆಂದರೆ, ಪ್ರತಿ 50 ಮೀಟರ್ ಸಾಗಿದಾಗ ಮಾರ್ಗ 1 ಮೀಟರ್ ಇಳಿಯುತ್ತದೆ.

1996ರಲ್ಲಿ ಗೇಜ್ ಪರಿವರ್ತನೆಗಾಗಿ ಈ ಮಾರ್ಗವನ್ನು ಮುಚ್ಚಲಾಯಿತು. ಮುಂದೆ ಸುಮಾರು ಹತ್ತು ವರ್ಷ ಘಟ್ಟದಲ್ಲಿ ರೈಲು ಓಡಲಿಲ್ಲ. ಈ ಅವಧಿಯಲ್ಲಿ ಬೆಂಗಳೂರು ಮತ್ತಿತರ ನಗರಗಳ ಚಾರಣಿಗರು ಇದನ್ನು ಕಂಡುಕೊಂಡರು. ದೋಣಿಗಲ್ ಬಳಿ ಹಳಿಗೆ ಇಳಿದು, ಕಡಗರವಳ್ಳಿ ದಾಟಿ, ಕಾಡಿನ ನಡುವಿನ ಯಡಕುಮೇರಿ ನಿಲ್ದಾಣದಲ್ಲಿ ರಾತ್ರಿ ಕಳೆದು, ಮರುದಿನ ಘಟ್ಟ ಇಳಿಯುವುದು ರೂಢಿಯಾಯಿತು. ‘ಗ್ರೀನ್ ರೂಟ್’ ಎಂಬ ಹೆಸರು ನಿಂತಿತು. ಯಾರೂ ಇದನ್ನು ಚಾರಣ ಪಥವೆಂದು ಘೋಷಿಸಿರಲಿಲ್ಲ. ತಡೆಕಂಬಿ ಇರಲಿಲ್ಲ, ಕಾವಲು ಇರಲಿಲ್ಲ, ಗಾಯಗೊಂಡವರನ್ನು ಹೊರತರುವ ವ್ಯವಸ್ಥೆ ಇರಲಿಲ್ಲ. ಸೇತುವೆಗಳ ಮೇಲೆ ಸ್ಲೀಪರ್‌ನಿಂದ ಸ್ಲೀಪರ್‌ಗೆ ಹೆಜ್ಜೆಯಿಡುವಾಗ ನಡುವಿನ ಸಂದಿಯಲ್ಲಿ ಆಳದ ಕಣಿವೆ ಕಾಣುತ್ತಿತ್ತು.

2006ರ ಮೇ ತಿಂಗಳಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಗೂಡ್ಸ್ ರೈಲುಗಳು ಆರಂಭವಾದವು. 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲೂ ಬಂದಿತು. ರೈಲು ಮರಳಿತು, ಆದರೆ ಚಾರಣಿಗರ ಅಭ್ಯಾಸ ಹಿಂದಿರುಗಲಿಲ್ಲ. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯಂತೆ ದಂಡನೀಯ ಅಪರಾಧ ಎಂದು ಎಚ್ಚರಿಸಿದ ಮೇಲೂ ಜನ ಹೋಗುತ್ತಲೇ ಇದ್ದರು. ತಿರುವಿನ ಸುರಂಗದಿಂದ ಹೊರಬಂದೊಡನೆ ಸೇತುವೆ ಎದುರಾಗುವ ಮಾರ್ಗದಲ್ಲಿ ಲೋಕೊ ಪೈಲಟ್‌ಗೆ ಮುಂದಿರುವವರು ಕಾಣುವುದು ತೀರ ಹತ್ತಿರಕ್ಕೆ ಬಂದಾಗ. ಸೇತುವೆಯ ಮೇಲಿರುವವರಿಗೆ ಸರಿಯಲು ಜಾಗವಿಲ್ಲ.

ಇದೇ ಕಥೆ ಗೋವಾ ಗಡಿಯ ದೂಧಸಾಗರದಲ್ಲಿಯೂ ಮರುಕಳಿಸಿತು. 2023ರ ಜುಲೈನಲ್ಲಿ ಜಲಪಾತ ನೋಡಲು ಹಳಿಯ ಮೇಲೆ ಹೊರಟ ನೂರಾರು ಜನರನ್ನು ತಡೆಯಲಾಯಿತು. ಕೆಲವರಿಗೆ ರೈಲ್ವೆ ರಕ್ಷಣಾ ಪಡೆಯವರು ಬಸ್ಕಿ ಹೊಡೆಸಿದ ದೃಶ್ಯಗಳು ದೇಶದೆಲ್ಲೆಡೆ ಪ್ರಸಾರವಾದವು. ಶಿಕ್ಷೆ ಸರಿಯೇ ತಪ್ಪೇ ಎಂಬ ಚರ್ಚೆ ನಡೆಯಿತು. ಇಷ್ಟು ಜನ ನಡೆಯಬಯಸುವ ಹಾದಿಗೆ ಕಾನೂನುಬದ್ಧ ಪರ್ಯಾಯ ಏಕಿಲ್ಲ ಎಂಬ ಚರ್ಚೆ ಅಷ್ಟಾಗಿ ನಡೆಯಲಿಲ್ಲ.

ನಂಜನಗೂಡಿನ ಕಾಯುವಿಕೆ

ಘಟ್ಟದಲ್ಲಿ ರೈಲು ಮರಳಿತು. ಮೈಸೂರು ಜಿಲ್ಲೆಯ ನಂಜನಗೂಡಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಕಪಿಲೆ ಅಥವಾ ಕಬಿನಿ ನದಿಗೆ ಅಡ್ಡಲಾಗಿ ನಿಂತಿರುವ ಕಮಾನು ಸೇತುವೆಯನ್ನು 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದರೆಂದು ದಾಖಲೆಗಳು ಹೇಳುತ್ತವೆ. ಇಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಳವಾಯಿಗಳು ಆಡಳಿತ ನಡೆಸುತ್ತಿದ್ದ ಕಾಲವದು. ಸುಮಾರು 225 ಮೀಟರ್ ಉದ್ದದ ಈ ಸೇತುವೆ ದೇಶದ ಅತಿ ಹಳೆಯ ಸೇತುವೆಗಳಲ್ಲಿ ಒಂದೆಂದು ಹೆಸರಾಗಿದೆ.

1735ರಲ್ಲಿ ಭಾರತದಲ್ಲಿ ಮಾತ್ರವಲ್ಲ, ಜಗತ್ತಿನಲ್ಲಿಯೇ ಉಗಿ ರೈಲು ಇರಲಿಲ್ಲ. ಈ ಸೇತುವೆ ಕಟ್ಟಿದ್ದು ನಡೆಯುವವರಿಗಾಗಿ, ಎತ್ತಿನ ಗಾಡಿಗಳಿಗಾಗಿ, ಶ್ರೀಕಂಠೇಶ್ವರನ ದರ್ಶನಕ್ಕೆ ಬರುವ ಯಾತ್ರಿಕರಿಗಾಗಿ. ಸುಮಾರು ಒಂದೂವರೆ ಶತಮಾನದ ನಂತರ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ಮಾರ್ಗ ಬಂದಾಗ ಇದರ ಮೇಲೆಯೇ ಹಳಿ ಹಾಸಲಾಯಿತು. ಒಂದೇ ಸೇತುವೆ ರಸ್ತೆಯನ್ನೂ ರೈಲನ್ನೂ ಹೊತ್ತಿತು. ಬಂಡಿ ಗಾತ್ರದ ಭಾರಕ್ಕೆ ಕಟ್ಟಿದ ಕಮಾನುಗಳು ಉಗಿ ಎಂಜಿನ್ನುಗಳನ್ನು ನೂರು ವರ್ಷ ತಾಳಿಕೊಂಡವು.

ಮೈಸೂರು–ಚಾಮರಾಜನಗರ ಮಾರ್ಗದ ಗೇಜ್ ಪರಿವರ್ತನೆಯಾದಾಗ ರೈಲು ಹೊಸ ಸೇತುವೆಗೆ ಹೋಯಿತು. ವಾಹನಗಳಿಗೂ ಬೇರೆ ಸೇತುವೆ ಆಯಿತು. ಹಳೆಯದಕ್ಕೆ ಪಾರಂಪರಿಕ ಕಟ್ಟಡವೆಂಬ ಮನ್ನಣೆ ದೊರೆಯಿತು. ಅದರಿಂದ ಸೇತುವೆ ಉಳಿಯಿತು ಎಂಬುದು ನಿಜ. ಆದರೆ ಮನ್ನಣೆಯ ಫಲಕ ಬೇರುಗಳನ್ನು ತಡೆಯುವುದಿಲ್ಲ. ಗಿಡಗಂಟಿ ಬೆಳೆದು ಸೇತುವೆ ಶಿಥಿಲವಾಗುತ್ತಿರುವ ಬಗ್ಗೆ ಪತ್ರಿಕೆಗಳಲ್ಲಿ ಪದೇ ಪದೇ ವರದಿಗಳು ಬಂದಿವೆ. ಕಲ್ಲು–ಗಾರೆಯ ಕಟ್ಟಡಕ್ಕೆ ನೆರೆಗಿಂತ ನಿಧಾನವಾದ, ಆದರೆ ಖಚಿತವಾದ ಶತ್ರುವೆಂದರೆ ಅರಳಿ, ಆಲದಂತಹ ಗಿಡಗಳು. ಹಕ್ಕಿ ತಂದ ಬೀಜ ಸಂದಿಯಲ್ಲಿ ಮೊಳೆತು, ಬೇರು ಕಲ್ಲುಗಳನ್ನು ಸರಿಸಿ, ಆ ಬಿರುಕಿಗೆ ಮಳೆನೀರು ಇಳಿದು ಗಾರೆಯನ್ನು ಕರಗಿಸುತ್ತದೆ. ಜೊತೆಗೆ ನೆರೆಯ ಹೊಡೆತವೂ ಇದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಬಳಿ ಹೆದ್ದಾರಿಯೇ ಮುಳುಗಿತ್ತು.

ಗಮನಿಸಬೇಕಾದ ಸಂಗತಿ ಇದು: ನಂಜನಗೂಡಿನ ಸೇತುವೆಯನ್ನು ನಡಿಗೆಯ ದಾರಿ ಮಾಡುವುದೆಂದರೆ ಹೊಸದೊಂದನ್ನು ಹೇರುವುದಲ್ಲ. ಅದರ ಮೊದಲ ಒಡೆಯರಿಗೆ ಅದನ್ನು ಹಿಂದಿರುಗಿಸುವುದು ಅಷ್ಟೆ. ರೈಲು ಅಲ್ಲಿ ನಡುವೆ ಬಂದು ಹೋದ ಅತಿಥಿ.

ರೈಲಿನ ಸೇತುವೆ, ಕಾಲಿನ ಸೇತುವೆ

ರೈಲನ್ನೇ ಹೊತ್ತ ಸೇತುವೆ ಮನುಷ್ಯರನ್ನು ಹೊರಲಾರದೇ ಎಂಬ ಪ್ರಶ್ನೆ ಸಹಜ. ಲೆಕ್ಕ ನೋಡೋಣ. ಜನಸಂದಣಿ ಸೇರುವ ಕಾಲುಹಾದಿಗೆ ನಮ್ಮ ರಸ್ತೆ ಸೇತುವೆಗಳ ಸಂಹಿತೆ ಚದರ ಮೀಟರಿಗೆ 500 ಕಿಲೋವರೆಗಿನ ಹೊರೆಯನ್ನು ಹಿಡಿಯುತ್ತದೆ. ಹಾದಿ 3 ಮೀಟರ್ ಅಗಲವಿದ್ದರೆ, ಪ್ರತಿ ಮೀಟರ್ ಉದ್ದಕ್ಕೆ ಒಂದೂವರೆ ಟನ್ ಆಯಿತು. ಮೀಟರ್ ಗೇಜ್ ಮುಖ್ಯ ಮಾರ್ಗದ ಗೂಡ್ಸ್ ರೈಲಿನ ಹೊರೆ ಇದರ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಮೂಲ ವಿನ್ಯಾಸದ ಮಟ್ಟಿಗೆ ಬಲ ಸಾಲದು ಎಂಬ ಸಮಸ್ಯೆ ಸಾಮಾನ್ಯವಾಗಿ ಬರುವುದಿಲ್ಲ.

ಆದರೆ ವಿನ್ಯಾಸದ ಬಲ ಬೇರೆ, ನೂರು ವರ್ಷದ ನಂತರ ಉಳಿದಿರುವ ಬಲ ಬೇರೆ. ಕಬ್ಬಿಣದ ಸೇತುವೆಯಲ್ಲಿ ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಕಾಣುವ ಕಡೆಯಲ್ಲ, ನೀರು ನಿಲ್ಲುವ ಮೂಲೆಗಳಲ್ಲಿ, ರಿವೆಟ್‌ಗಳ ಸುತ್ತ, ಗರ್ಡರ್ ಕೂರುವ ಪೀಠದ ಬಳಿ. ರೈಲು ಓಡುವಷ್ಟು ದಿನ ಗ್ಯಾಂಗ್‌ಮನ್‌ಗಳು ನಿತ್ಯ ಹಾದಿ ತಪಾಸಣೆ ಮಾಡುತ್ತಾರೆ, ನಿಗದಿತ ಕಾಲಕ್ಕೆ ಬಣ್ಣ ಬಳಿಯುತ್ತಾರೆ. ರೈಲು ನಿಂತ ದಿನ ಈ ಆರೈಕೆಯೂ ನಿಲ್ಲುತ್ತದೆ. ಆದ್ದರಿಂದ ಖಾಲಿ ಬಿದ್ದ ಹತ್ತು ವರ್ಷ ಸೇತುವೆಗೆ ದುಡಿದ ಹತ್ತು ವರ್ಷಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು.

ಎರಡನೆಯದು ನೀರಿನ ಕೆಳಗಿನ ಸ್ಥಿತಿ. ಕಂಬದ ಬುಡದ ಸುತ್ತ ನೆರೆ ಮಣ್ಣು ಕೊರೆಯುತ್ತದೆ. ನದಿಯಿಂದ ಮರಳು ಎತ್ತಿದಂತೆ ಪಾತ್ರ ಇಳಿದು ಅಡಿಪಾಯ ಬಯಲಾಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ರಸ್ತೆ ಸೇತುವೆ ಕುಸಿದಾಗ ಮರಳುಗಾರಿಕೆಯತ್ತ ಬೆರಳು ತೋರಿಸಲಾಗಿತ್ತು. ಮರಳು ದಂಧೆಗೆ ಹೆಸರಾದ ಭೀಮಾ ತೀರಕ್ಕೆ ಈ ಮಾತು ಹೊಸದಲ್ಲ.

ಮೂರನೆಯದು ಹಾದಿಯ ರಚನೆ. ಹಳೆಯ ಗರ್ಡರ್ ಸೇತುವೆಯ ಮೇಲೆ ನೆಲವೇ ಇರುವುದಿಲ್ಲ. ಗರ್ಡರ್ ಮೇಲೆ ಸ್ಲೀಪರ್, ಸ್ಲೀಪರ್ ಮೇಲೆ ಹಳಿ. ರೈಲ್ವೆ ಕೆಲಸಗಾರರು ಸರಿದು ನಿಲ್ಲಲು ಅಲ್ಲಲ್ಲಿ ಸಣ್ಣ ಅಟ್ಟಣಿಗೆ ಬಿಟ್ಟರೆ ಬದಿಯಲ್ಲಿ ಆಸರೆಯಿಲ್ಲ. ನೆಲಹಾಸು, ಮಕ್ಕಳು ತೂರಲಾಗದಂತಹ ತಡೆಕಂಬಿ, ಮಳೆನೀರು ಹರಿದುಹೋಗುವ ವ್ಯವಸ್ಥೆ, ಬೆಳಕು ಇವೆಲ್ಲ ಹೊಸದಾಗಿ ಬರಬೇಕು. ನೆಲಹಾಸಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. 15 ಸೆಂಟಿಮೀಟರ್ ದಪ್ಪ, 3 ಮೀಟರ್ ಅಗಲದ ಕಾಂಕ್ರೀಟ್ ಹಾಸು ಪ್ರತಿ ಮೀಟರಿಗೆ ಒಂದು ಟನ್ನಿಗೂ ಹೆಚ್ಚು ಭಾರವಿರುತ್ತದೆ. ರೈಲು ಬಂದು ಹೋಗುವ ಹೊರೆ. ನೆಲಹಾಸು ಹಗಲಿರುಳೂ ಇರುವ ಹೊರೆ.

ಒಂದು ಡಾಲರಿನ ಸೇತುವೆ

ಇವನ್ನೆಲ್ಲ ಮಾಡಿ ತೋರಿಸಿದ ಪ್ರಸಿದ್ಧ ಉದಾಹರಣೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಪಟ್ಟಣದಲ್ಲಿದೆ. ಹಡ್ಸನ್ ನದಿಯ ಮೇಲಿನ ಅಲ್ಲಿನ ರೈಲು ಸೇತುವೆ ತೆರೆದದ್ದು 1889ರಲ್ಲಿ, ನಮ್ಮ ಬಿಜಾಪುರದ ಹಳಿ ಬಂದ ಐದು ವರ್ಷಗಳ ನಂತರ. ನೀರಿನಿಂದ ಸುಮಾರು 65 ಮೀಟರ್ ಎತ್ತರದಲ್ಲಿರುವ ಈ ಉಕ್ಕಿನ ಸೇತುವೆ 1974ರಲ್ಲಿ ಬೆಂಕಿಗೆ ಸಿಕ್ಕಿತು. ದುರಸ್ತಿ ಮಾಡುವ ಮನಸ್ಸು ರೈಲು ಕಂಪನಿಗೆ ಇರಲಿಲ್ಲ. ಕೆಡವುವುದಕ್ಕೂ ಭಾರೀ ಖರ್ಚು. ಕೊನೆಗೆ 1984ರಲ್ಲಿ ಸೇತುವೆಯನ್ನು ಕೇವಲ ಒಂದು ಡಾಲರಿಗೆ ಮಾರಿ ಕೈತೊಳೆದುಕೊಂಡಿತು.

1990ರ ದಶಕದಲ್ಲಿ ಸ್ಥಳೀಯರು ಒಂದು ಸಂಸ್ಥೆ ಕಟ್ಟಿಕೊಂಡು ಸೇತುವೆಯ ಒಡೆತನ ಪಡೆದರು. ಕಂಬಗಳನ್ನೂ ಉಕ್ಕನ್ನೂ ಪರೀಕ್ಷಿಸಲಾಯಿತು. ಸಿದ್ಧಪಡಿಸಿದ ಕಾಂಕ್ರೀಟ್ ಹಲಗೆಗಳನ್ನು ಹಾಸಲಾಯಿತು. 2009ರ ಅಕ್ಟೋಬರ್‌ನಲ್ಲಿ, ಬೆಂಕಿ ಬಿದ್ದ 35 ವರ್ಷಗಳ ನಂತರ, ಎರಡು ಕಿಲೋಮೀಟರಿಗೂ ಉದ್ದದ ನಡಿಗೆಯ ಸೇತುವೆ ಸಾರ್ವಜನಿಕರಿಗೆ ತೆರೆಯಿತು. ಅದನ್ನು ಇಂದು ರಾಜ್ಯದ ಉದ್ಯಾನವಾಗಿ ನೋಡಿಕೊಳ್ಳಲಾಗುತ್ತಿದೆ. ಎರಡೂ ದಡಗಳಲ್ಲಿ ಹಳೆಯ ರೈಲುಹಾದಿಗಳನ್ನೇ ನಡಿಗೆಯ ಪಥಗಳಾಗಿಸಿ ಸೇತುವೆಗೆ ಜೋಡಿಸಲಾಗಿದೆ. ಇದು ಮುಖ್ಯ. ಎರಡೂ ತುದಿಯಲ್ಲಿ ಎಲ್ಲಿಗೂ ಹೋಗದ ಸೇತುವೆ ಒಂದು ಭಾನುವಾರದ ಕುತೂಹಲವಾಗಬಹುದೇ ಹೊರತು ದಾರಿಯಾಗುವುದಿಲ್ಲ.

ಅಮೆರಿಕದಲ್ಲಿ ಇಂತಹ ಕೆಲಸಕ್ಕೆ ಕಾನೂನಿನ ಬೆಂಬಲವೂ ಇದೆ. 1983ರ ತಿದ್ದುಪಡಿಯೊಂದರಂತೆ, ಕೈಬಿಡಲಿರುವ ರೈಲುಮಾರ್ಗವನ್ನು ಪೂರ್ತಿ ರದ್ದುಗೊಳಿಸದೆ, ಮುಂದೆ ಬೇಕಾದರೆ ಮತ್ತೆ ರೈಲು ಓಡಿಸುವ ಹಕ್ಕನ್ನು ಉಳಿಸಿಕೊಂಡು, ಅಲ್ಲಿಯವರೆಗೆ ನಡಿಗೆಯ ಪಥವಾಗಿ ಬಿಟ್ಟುಕೊಡಬಹುದು. ಮಾರ್ಗವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಂತೆ. ಜಮೀನು ತುಂಡು ತುಂಡಾಗಿ ಹಂಚಿಹೋಗುವುದು ಇದರಿಂದ ತಪ್ಪುತ್ತದೆ. ನಮ್ಮಲ್ಲಿ ಅಂತಹ ಕಾನೂನಿನ ಚೌಕಟ್ಟಿಲ್ಲ. ಇದ್ದಿದ್ದರೆ 1996ರಿಂದ 2006ರವರೆಗಿನ ‘ಗ್ರೀನ್ ರೂಟ್’ ಕಾಮಗಾರಿ ಇಲ್ಲದ ಭಾಗಗಳಲ್ಲಿ, ಕಾಲಮಿತಿಯ ಒಪ್ಪಂದದ ಮೇಲೆ, ಕಾವಲಿನೊಡನೆ ನಡೆದಿರಬಹುದಿತ್ತು. ರೈಲು ಮರಳುವ ದಿನ ಹಾದಿ ಮುಚ್ಚುತ್ತದೆ ಎಂಬುದೂ ಮೊದಲೇ ಎಲ್ಲರಿಗೂ ತಿಳಿದಿರುತ್ತಿತ್ತು.

ಗೋದಾವರಿಯ 28 ವರ್ಷ

ನಮ್ಮ ದೇಶದಲ್ಲಿ ಈ ದಿಕ್ಕಿನ ದೊಡ್ಡ ಪ್ರಯತ್ನ ನೆರೆಯ ಆಂಧ್ರಪ್ರದೇಶದ ರಾಜಮಹೇಂದ್ರವರಂನಲ್ಲಿ ಕಾಣುತ್ತದೆ. ಗೋದಾವರಿಯ ಮೇಲಿನ ಹ್ಯಾವ್‌ಲಾಕ್ ಸೇತುವೆ 1900ರಲ್ಲಿ ಸಂಚಾರಕ್ಕೆ ತೆರೆಯಿತು. ಮದರಾಸು–ಹೌರಾ ಮಾರ್ಗದ ರೈಲುಗಳನ್ನು ಸುಮಾರು ಒಂದು ಶತಮಾನ ಹೊತ್ತು 1997ರಲ್ಲಿ ನಿವೃತ್ತವಾಯಿತು. ಕೆಡವಿ ಗುಜರಿಗೆ ಹಾಕುವ ಯೋಚನೆಗೆ ಊರವರಿಂದ ವಿರೋಧ ಬಂದಿತು. ರಾಜ್ಯ ಸರಕಾರ ಅದನ್ನು ರೈಲ್ವೆಯಿಂದ ಪಡೆದು ಪ್ರವಾಸಿ ತಾಣ ಮಾಡುವ ಮಾತು ವರ್ಷಗಳ ಕಾಲ ನಡೆಯಿತು. ಸೇತುವೆಯ ಅಭಿವೃದ್ಧಿಯನ್ನೂ ಒಳಗೊಂಡ ಸುಮಾರು 94 ಕೋಟಿ ರೂಪಾಯಿಯ ‘ಅಖಂಡ ಗೋದಾವರಿ’ ಯೋಜನೆಗೆ ಶಂಕುಸ್ಥಾಪನೆಯಾದದ್ದು 2025ರ ಜೂನ್‌ನಲ್ಲಿ.

ಕೊನೆಯ ರೈಲಿಗೂ ಮೊದಲ ಕಲ್ಲಿಗೂ ನಡುವೆ 28 ವರ್ಷ. ಈ ಅವಧಿಯಲ್ಲಿ ಉಕ್ಕು ತುಕ್ಕು ಹಿಡಿಯುವುದನ್ನು ನಿಲ್ಲಿಸಲಿಲ್ಲ. ತಡವಾದಷ್ಟೂ ದುರಸ್ತಿಯ ಮೊತ್ತ ಏರುತ್ತದೆ, ಮೊತ್ತ ಏರಿದಷ್ಟೂ ತೀರ್ಮಾನ ಇನ್ನೂ ತಡವಾಗುತ್ತದೆ. ಹಳೆಯ ಸೇತುವೆಗಳ ವಿಷಯದಲ್ಲಿ ಇದೊಂದು ವಿಷವರ್ತುಲ.

ಎಚ್ಚರಿಕೆಯ ಮೂರು ಘಟನೆಗಳು

ಹಾಗೆಂದು ಅವಸರದಲ್ಲಿ ತೆರೆದುಬಿಡುವುದೂ ಪರಿಹಾರವಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ತೂಗುಸೇತುವೆ ಹರಿದು 135 ಜನ ಸತ್ತರು. ಅದು ರೈಲು ಸೇತುವೆಯಲ್ಲ, ವಿಹಾರಕ್ಕೆಂದೇ ಇದ್ದ ನೂರು ವರ್ಷಕ್ಕೂ ಹಳೆಯ ಕಾಲುಸೇತುವೆ. ನವೀಕರಣದ ನಂತರ ತೆರೆದು ಒಂದು ವಾರವೂ ಆಗಿರಲಿಲ್ಲ. ನೆಲಹಾಸನ್ನು ಬದಲಾಯಿಸಲಾಗಿತ್ತು, ಆದರೆ ತುಕ್ಕು ಹಿಡಿದ ಕೇಬಲ್ಲುಗಳನ್ನು ಬದಲಾಯಿಸಿರಲಿಲ್ಲ ಎಂಬುದು ತನಿಖೆಯಲ್ಲಿ ಬೆಳಕಿಗೆ ಬಂದ ಸಂಗತಿ. ಒಮ್ಮೆಗೆ ಎಷ್ಟು ಜನರನ್ನು ಬಿಡಬೇಕು ಎಂಬ ಮಿತಿಯನ್ನೂ ಪಾಲಿಸಿರಲಿಲ್ಲ.

2025ರ ಜೂನ್ 15ರಂದು ಪುಣೆ ಬಳಿಯ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಭಾನುವಾರದ ಪ್ರವಾಸಿಗರ ಭಾರಕ್ಕೆ ಕುಸಿದು ನಾಲ್ವರು ಮೃತಪಟ್ಟರು. ನಮ್ಮ ರಾಜ್ಯದಲ್ಲಿಯೇ, 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದರೂ ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಬಳಸಲಾಗುತ್ತಿತ್ತು. ನಡುರಾತ್ರಿಯಾದ್ದರಿಂದ ನೀರಿಗೆ ಬಿದ್ದದ್ದು ಒಂದೇ ಲಾರಿ. ಅದರ ಚಾಲಕನನ್ನು ಬದುಕಿಸಲಾಯಿತು. ಅದೇ ಘಟನೆ ಹಗಲಲ್ಲಿ ನಡೆದಿದ್ದರೆ ಎಂಬುದನ್ನು ಊಹಿಸಿಕೊಳ್ಳಬಹುದು.

ಮೂರರಲ್ಲಿಯೂ ಸೇತುವೆ ಹಳೆಯದೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಅದು ಬಳಕೆಯಲ್ಲಿತ್ತು. ಬಳಕೆಗೆ ಅನುಮತಿ ಕೊಡುವವರು, ತಪಾಸಣೆ ಮಾಡುವವರು, ಗೇಟಿನಲ್ಲಿ ನಿಂತು ಇಂದು ಇಷ್ಟೇ ಜನ ಎಂದು ತಡೆಯುವವರು ಒಂದೇ ಸೂತ್ರದಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಮೊದಲು ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಹಳೆಯ ರೈಲು ಸೇತುವೆಯೊಂದು ಬಿಡುವಾಗುತ್ತದೆ ಎಂದು ತಿಳಿದಾಗ ಒಂದು ಊರು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಒಡೆತನ ಸ್ಪಷ್ಟವಾಗಬೇಕು. ಸೇತುವೆ ರೈಲ್ವೆಯದು, ನದಿ ರಾಜ್ಯದ್ದು, ಎರಡೂ ದಡಗಳು ಪಂಚಾಯಿತಿ ಅಥವಾ ನಗರಸಭೆಯ ವ್ಯಾಪ್ತಿಯವು. ಭೀಮೆಯಂತಹ ಗಡಿ ನದಿಯಲ್ಲಾದರೆ ಎರಡು ರಾಜ್ಯಗಳೂ ಸೇರುತ್ತವೆ. ಹಸ್ತಾಂತರ, ಗುತ್ತಿಗೆ, ಅಥವಾ ಕಾಲಮಿತಿಯ ಬಳಕೆ, ಯಾವುದಾದರೂ ಸರಿ. ಕಾಗದದ ಮೇಲೆ ಒಬ್ಬ ಒಡೆಯನಿರಬೇಕು.

ಎರಡನೆಯದಾಗಿ, ತೆರೆಯುವ ಮೊದಲು ಸ್ವತಂತ್ರ ಎಂಜಿನಿಯರುಗಳಿಂದ ಕಂಬದ ಬುಡದಿಂದ ತಡೆಕಂಬಿಯವರೆಗೆ ಪರೀಕ್ಷೆ ನಡೆಯಬೇಕು. ಅದರ ವರದಿ ಸಾರ್ವಜನಿಕರ ಕೈಗೆ ಸಿಗಬೇಕು. ಒಮ್ಮೆಗೆ ಎಷ್ಟು ಜನ ಎಂಬ ಸಂಖ್ಯೆ ಸೇತುವೆಯ ಬಾಯಲ್ಲಿಯೇ ಬರೆದಿರಬೇಕು, ಅದನ್ನು ಜಾರಿ ಮಾಡುವ ಕಾವಲು ಇರಬೇಕು.

ಮೂರನೆಯದಾಗಿ, ಉದ್ಘಾಟನೆಯ ಹಣಕ್ಕಿಂತ ನಿರ್ವಹಣೆಯ ಹಣ ಮುಖ್ಯ. ಬಣ್ಣ, ಬೋಲ್ಟು, ಗಿಡ ಕೀಳುವ ಕೆಲಸಕ್ಕೆ ಪ್ರತಿ ವರ್ಷ ಖರ್ಚು ಇದ್ದೇ ಇರುತ್ತದೆ. ಫಲಕ ಹಾಕಿದ ವರ್ಷ ಬರುವ ಅನುದಾನ ಹತ್ತನೆಯ ವರ್ಷಕ್ಕೆ ಇರುವುದಿಲ್ಲ. ಬಜೆಟ್ಟಿನಲ್ಲಿ ಶಾಶ್ವತ ಬಾಬ್ತು ಇಲ್ಲದ ಸೇತುವೆಯನ್ನು ತೆರೆಯದಿರುವುದೇ ಲೇಸು.

ನಾಲ್ಕನೆಯದಾಗಿ, ಇವೆಲ್ಲವೂ ಗುಜರಿಯ ಟೆಂಡರ್ ಕರೆಯುವ ಮೊದಲು ಆಗಬೇಕು. ಗರ್ಡರ್ ಕಳಚಿದ ಮೇಲೆ ಯಾವ ಮನವಿಗೂ ಅರ್ಥವಿಲ್ಲ.

ವಿಜಯಪುರದ ಮಟ್ಟಿಗೆ ಮೀಟರ್ ಗೇಜ್ ಕಾಲದ ಅವಕಾಶ ಮುಗಿದಿದೆ. ಆದರೆ ಸೇತುವೆಗಳಿಗೆ ವಯಸ್ಸಾಗುವುದು ನಿಂತಿಲ್ಲ. ಹಳಿಗಳು ಜೋಡಿಯಾಗುತ್ತವೆ, ಹೆದ್ದಾರಿಗಳು ಅಗಲವಾಗುತ್ತವೆ, ಇಂದು ಹೊಸದಾಗಿರುವುದು ಮುಂದೊಂದು ದಿನ ಹಳೆಯದಾಗಿ ಪಕ್ಕಕ್ಕೆ ಸರಿಯುತ್ತದೆ. ರಾಜ್ಯದ ಇತರ ನದಿಗಳ ಮೇಲೂ ಇದೇ ಕ್ರಮ ನಡೆಯಲಿದೆ. ಕೃಷ್ಣೆ, ಭೀಮೆ, ತುಂಗಭದ್ರೆ, ಕಾವೇರಿಗಳ ಮೇಲೆ ಯಾವ ಯಾವ ಸೇತುವೆಗಳು ಮುಂದಿನ ಹತ್ತು ವರ್ಷಗಳಲ್ಲಿ ಬಿಡುವಾಗಲಿವೆ ಎಂಬ ಪಟ್ಟಿಯನ್ನು ರೈಲ್ವೆ ಮತ್ತು ಲೋಕೋಪಯೋಗಿ ಇಲಾಖೆಗಳು ಈಗಲೇ ಪ್ರಕಟಿಸಿದರೆ, ಆಯಾ ಊರಿನವರು ಯೋಚಿಸಲು ಕಾಲಾವಕಾಶವಿರುತ್ತದೆ. ಈ ಕೆಲಸಕ್ಕೆ ಕೋಟಿಗಳು ಬೇಕಿಲ್ಲ.

ಹಸಿವಿಗೆ ಧಾನ್ಯ ತರಲೆಂದು 140 ವರ್ಷಗಳ ಹಿಂದೆ ಈ ಬರದ ನಾಡಿಗೆ ರೈಲು ಬಂದಿತು. ಅಂದು ನದಿಗೆ ಸೇತುವೆ ಕಟ್ಟುವಾಗ ಯಾರಿಗಾಗಿ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿತ್ತು. ರೈಲು ಇಳಿದುಹೋದ ಸೇತುವೆಯ ಬಗ್ಗೆಯೂ ಅದೇ ಪ್ರಶ್ನೆಯನ್ನು ಅಷ್ಟೇ ಸ್ಪಷ್ಟವಾಗಿ ಕೇಳಬೇಕಾಗಿದೆ. ನಂಜನಗೂಡಿನ ಕಮಾನುಗಳು ಆ ಉತ್ತರಕ್ಕಾಗಿ ಇನ್ನೂ ನಿಂತಿವೆ. ಎಲ್ಲ ಸೇತುವೆಗಳಿಗೂ ಅಷ್ಟು ಆಯುಷ್ಯ ಇರುವುದಿಲ್ಲ.